ದೀಪದ ಮುಂದೆ ಕೂತದ್ದೇ ತಪ್ಪು

ಆ ಡಿಸ್ಕು ಕೆಟ್ಟ ಮಾಲು ಎಂದು ನಾನು ಹನ್ನೊಂದು ದಿನ ನಂಬಿದ್ದೆ. ನಂಬಿ ಸುಮ್ಮನೆ ಕೂರಲಿಲ್ಲ, ಅದನ್ನು ಬ್ಯಾಗಿಗೆ ಹಾಕಿಕೊಂಡು ಮಾರಿದವನ ಅಂಗಡಿಗೇ ಹೋಗಿ ಜಗಳ ತೆಗೆದೆ. ನಲವತ್ತೊಂಬತ್ತು ವರ್ಷದ ಹೆಂಗಸೊಬ್ಬಳು ಸೀರೆ ಉಟ್ಟು, ಎಡಗೈಗೆ ಪಟ್ಟಿ ಕಟ್ಟಿಕೊಂಡು, ವಿಡಿಯೊ ಗೇಮ್ ಅಂಗಡಿಯ ಗಾಜಿನ ಮೇಜಿನ ಮೇಲೆ ಡಿಸ್ಕು ಕುಕ್ಕಿದಾಗ ಆ ಮನುಷ್ಯನ ಮುಖ ಹೇಗಾಗಿತ್ತೆಂದು ಈಗ ನೆನೆದರೆ ನಗು ತಡೆಯಲಾಗುವುದಿಲ್ಲ. ಆಗ ಮಾತ್ರ ನಾನು ನಗುವ ಸ್ಥಿತಿಯಲ್ಲಿರಲಿಲ್ಲ.

ನಮ್ಮದು ದಾವಣಗೆರೆಯಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ. ಸ್ಟಾರ್ಟರ್ ಆಗಲಿ, ಕೆಪಾಸಿಟರ್ ಆಗಲಿ, ಕರೆಂಟಿಗೆ ಹಚ್ಚಿ ನೋಡದೆ ಗಿರಾಕಿಯ ಕೈಗೆ ಕೊಡುವುದಿಲ್ಲ. ಯಜಮಾನರು ಹಳ್ಳಿಗಳ ಓಡಾಟ ನೋಡಿಕೊಳ್ಳುತ್ತಾರೆ, ಅಂಗಡಿಯಲ್ಲಿ ಕೂರುವವಳು ನಾನು. ಬಂದ ಪೆಟ್ಟಿಗೆಯಲ್ಲಿ ಒಂದೇ ಒಂದು ಪೀಸು ಸರಿಯಿಲ್ಲದಿದ್ದರೂ ಅದನ್ನು ವಾಪಸ್ ಕಳಿಸುವವರೆಗೆ ನನಗೆ ಊಟ ಸೇರುವುದಿಲ್ಲ. ಯಾರಾದರೂ ನನಗೆ ಮೋಸ ಮಾಡಿದರು ಎನ್ನಿಸಿದರೆ ಮೈಯೆಲ್ಲ ಉರಿಯುತ್ತದೆ. ಈ ಗುಣ ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ, ಅಂಗಡಿಗಂತೂ ಒಳ್ಳೆಯದಾಗಿದೆ.

ಹೋದ ವರ್ಷ ಹರಿಹರದ ಅಕ್ಕನ ಮನೆಗೆ ಹೋದಾಗ ಬಸ್ಸಿನ ಮೆಟ್ಟಿಲು ಇಳಿಯುತ್ತಾ ಕಾಲು ಜಾರಿ ಬಿದ್ದೆ. ಬೀಳುವಾಗ ಎಡಗೈ ಊರಿದೆ, ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಬಿಚ್ಚಿದ ಮೇಲೆ ಮೂಳೆ ಕೂಡಿದೆ ಎಂದರು. ಮೂಳೆಯೇನೋ ಕೂಡಿತ್ತು, ಕೈ ಹೊರಳುತ್ತಿರಲಿಲ್ಲ. ಅಂಗೈಯನ್ನು ಮೇಲಕ್ಕೆ ಮಾಡಲು ಹೋದರೆ, ಯಾರಿಗೋ ಕೈಕುಲುಕಲು ಚಾಚಿದ ಹಾಗೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಅದರಾಚೆ ನೂಕಿದರೆ ಕಣ್ಣಿಗೆ ಕತ್ತಲೆ ಬರುವಂಥ ನೋವು.

ಬಲಗೈ ನೆಟ್ಟಗಿರುವಾಗ ಎಡಗೈ ಅರ್ಧವೇ ಹೊರಳಿದರೆ ಸಂಸಾರವೇನೂ ನಿಲ್ಲುವುದಿಲ್ಲ. ರೊಟ್ಟಿ ಬಡಿಯಬಹುದು, ಬಿಲ್ ಬರೆಯಬಹುದು. ನನ್ನ ಚಿಂತೆ ಬೇರೆಯಿತ್ತು. ನಾವು ಲಿಂಗ ಕಟ್ಟುವ ಮಂದಿ. ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈ ಮೇಲಿಟ್ಟುಕೊಂಡು, ಬಲಗೈಯಿಂದ ನೀರು, ವಿಭೂತಿ, ಪತ್ರೆ ಏರಿಸಿ, ಅದನ್ನೇ ನೋಡುತ್ತಾ ಕೂರುವುದು ನಮ್ಮ ಪೂಜೆ. ಅಂಗೈ ಸಮವಾಗಿರದಿದ್ದರೆ ಲಿಂಗ ಜಾರುತ್ತದೆ. ಲಿಂಗ ನೆಲಕ್ಕೆ ಬೀಳುವುದೆಂದರೆ ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಆಡುವ ಮಾತೂ ಅಲ್ಲ. ಮದುವೆಯಾಗಿ ಬಂದಾಗಿನಿಂದ ನಾನೂ ನಮ್ಮ ಅತ್ತೆಯೂ ಅಕ್ಕಪಕ್ಕ ಮಣೆ ಹಾಕಿಕೊಂಡು ಪೂಜೆಗೆ ಕೂತವರು. ಕೈ ಮುರಿದ ಮೇಲೆ ನಾನು ಅವರಿಗಿಂತ ಮೊದಲೇ ಎದ್ದು, ಲಿಂಗವನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ಪೂಜೆ ಮುಗಿಸಿ, ಅವರು ಬರುವಷ್ಟರಲ್ಲಿ ಅಡುಗೆಮನೆ ಸೇರುತ್ತಿದ್ದೆ. ಇನ್ನು ಆಯುಷ್ಯವೆಲ್ಲ ಹೀಗೆ ಕದ್ದು ಮಾಡುವುದೇ ಆಯಿತೇನೋ ಎಂದು ಒಲೆಯ ಮುಂದೆ ನಿಂತು ಅತ್ತದ್ದಿದೆ.

ಕೈಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಹರಿಹರದಲ್ಲಿದ್ದರು. ಪ್ಲಾಸ್ಟರ್ ಹಾಕಿದವರೇ ಅಲ್ಲಿಗೆ ಹೋಗಲು ಹೇಳಿದ್ದರು. ದಿನ ಬಿಟ್ಟು ದಿನ ಬಸ್ಸು ಹತ್ತಿ, ಬಾತಿ ದಾಟಿ ಹೋಗುವುದು. ಆಕೆ ನನ್ನ ಮೊಣಕೈಯನ್ನು ಮೇಜಿಗೆ ಒತ್ತಿ ಹಿಡಿದು ಮಣಿಕಟ್ಟನ್ನು ಹೊರಳಿಸುತ್ತಿದ್ದರು. ನಾನು ಹಲ್ಲು ಕಚ್ಚಿ, ಇಡೀ ಮೈಯನ್ನು ಕೊರಡು ಮಾಡಿಕೊಂಡು ಕೂರುತ್ತಿದ್ದೆ.

"ಅಮ್ಮಾರೆ, ಕೈ ಬಿಗಿ ಹಿಡೀಬ್ಯಾಡ್ರಿ. ನೀವು ಬಿಗಿ ಹಿಡಿದಷ್ಟೂ ಅದು ಹೊರಳಂಗಿಲ್ಲ. ಇನ್ನೆರಡು ಮೂರು ತಿಂಗಳಾಗ ಬರ್ಲಿಲ್ಲಂದ್ರೆ ಕೀಲು ಹಿಂಗೇ ಕೂತ್ಬಿಡ್ತೈತೆ ನೋಡ್ರಿ" ಎಂದರು.

ಹೇಳುವುದು ಸುಲಭ. ನಾಲ್ಕನೇ ಸಲ ಆಕೆಯ ಬಾಗಿಲವರೆಗೆ ಹೋದೆ. ಒಳಗೆ ಯಾರೋ ನರಳುತ್ತಿದ್ದುದು ಕೇಳಿಸಿತು. ಅಲ್ಲಿಂದಲೇ ತಿರುಗಿ ಅಕ್ಕನ ಮನೆಗೆ ಹೋಗಿ ಕೂತೆ. ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ದಿನವೂ ಕ್ಲಾಸು ತಪ್ಪಿಸದವಳು ಈ ವಯಸ್ಸಿನಲ್ಲಿ ತಪ್ಪಿಸಿದೆ.

ಅಕ್ಕನ ಮಗಳಿಗೆ ಇಪ್ಪತ್ತನಾಲ್ಕು ವರ್ಷ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಹೊರಡುವುದು ಮಧ್ಯಾಹ್ನ. ಅವಳು ಸಂಬಳ ಕೂಡಿಟ್ಟು ಆಟದ ಪೆಟ್ಟಿಗೆಯೊಂದನ್ನು ಟಿ.ವಿ.ಗೆ ಹಚ್ಚಿಕೊಂಡಿದ್ದಳು. ನಾನು ಸೋಫಾದಲ್ಲಿ ಸಪ್ಪೆ ಮುಖ ಮಾಡಿಕೊಂಡು ಕೂತದ್ದು ನೋಡಿ ಕಂಟ್ರೋಲರ್ ತಂದು ಕೈಗಿಟ್ಟಳು.

"ವ್ಯಾಯಾಮ ಇಲ್ಲಂದ್ರೆ ಇದನ್ನಾದ್ರೂ ಹಿಡಿ ಚಿಕ್ಕಮ್ಮ. ಬೆರಳಾದ್ರೂ ಆಡ್ಲಿ."

ಮೂರು ಡಬ್ಬಿ ಮುಂದಿಟ್ಟಳು. ಒಂದರ ಮೇಲೆ ಕಾರು, ಒಂದರ ಮೇಲೆ ಫುಟ್‌ಬಾಲು. ಮೂರನೆಯದರ ಮೇಲೆ ಹಾಳು ಕೋಟೆ, ಕಲ್ಲಿನ ಕಂಬದ ಮೇಲೊಂದು ದೀಪ, ಅದರ ಮುಂದೆ ಮೊಣಕಾಲೂರಿದ ಮನುಷ್ಯ. ಭಕ್ತಿಯ ಆಟವಿರಬೇಕು, ಕ್ಷೇತ್ರ ಸುತ್ತಿ ಬರುವುದಿರಬೇಕು ಎಂದುಕೊಂಡು ನಾನು ಅದನ್ನೇ ತೋರಿಸಿದೆ.

"ಅದು ಬ್ಯಾಡ. ಅದು ಭಾಳ ಕಷ್ಟ ಐತೆ."

ಬ್ಯಾಡ ಎಂದದ್ದೇ ತಪ್ಪಾಯಿತು. ನನಗೆ ಯಾರಾದರೂ ಬೇಡವೆಂದರೆ ಅದೇ ಬೇಕು.

ಇಂಥ ಆಟಗಳಿಗೆ ಇಂಗ್ಲಿಷಿನಲ್ಲಿ ಏನೋ ಹೆಸರಿದೆಯಂತೆ, ನಾನು ನೆನಪಿಟ್ಟಿಲ್ಲ. ಅಕ್ಕನ ಮಗಳು ಇವುಗಳನ್ನು ಸತ್ತು ಕಲಿಯುವ ಆಟ ಎನ್ನುತ್ತಾಳೆ. ಎಲ್ಲಿಗೆ ಹೋಗಬೇಕೆಂದು ಹೇಳುವವರಿಲ್ಲ, ಯಾಕೆ ಸತ್ತೆವೆಂದು ತಿಳಿಸುವವರಿಲ್ಲ. ಬುದ್ಧಿ ಬರುವವರೆಗೆ ಸಾಯುವುದು, ಮತ್ತೆ ಮೊದಲಿನಿಂದ ಹೊರಡುವುದು. ಇದು ಯಾರಿಗಾದರೂ ಹೇಗೆ ರುಚಿಸುತ್ತದೆ ಎಂದು ಕೇಳಿದ್ದಕ್ಕೆ ಅವಳು ನಕ್ಕಳು. ಅವಳೂ ಡಬ್ಬಿಯ ಹಿಂಬದಿಯಲ್ಲಿದ್ದ ಕುದುರೆಯ ಚಿತ್ರ ನೋಡಿ, ಊರೂರು ತಿರುಗುವ ಆಟವೆಂದು ತಂದು, ಮೊದಲ ಎರಡು ದಿನ ಅತ್ತಿದ್ದಳಂತೆ. ಅವಳ ಲ್ಯಾಬಿನ ಗೆಳತಿಗೆ ಇಂಥದ್ದೊಂದನ್ನು ಆ ಹುಡುಗಿಯ ಅಣ್ಣನೇ ಬೇಕಂತಲೇ ಕೊಟ್ಟದ್ದಂತೆ. ಹತ್ತು ನಿಮಿಷದಲ್ಲಿ ಬೇಜಾರಾಗಿ ಟಿ.ವಿ. ಬಿಟ್ಟು ಏಳಲಿ ಎಂದು. ಆ ಹುಡುಗಿ ಎದ್ದದ್ದು ಮೂರು ತಿಂಗಳ ಮೇಲೆ.

ಅವತ್ತು ಅವಳು ಬಟನ್‌ಗಳನ್ನು ತೋರಿಸಿಕೊಟ್ಟು ಕೆಲಸಕ್ಕೆ ಹೋದಳು. ಕೋಟೆ ಬಾಗಿಲ ದೀಪದಿಂದ ಆಟದೊಳಗಿನ ನನ್ನ ಮನುಷ್ಯ ಹೊರಟ. ಎದುರು ನಾಲ್ವರು ಕಾವಲಿನವರು. ಮೊದಲನೆಯವನೇ ಕಡಿದು ಹಾಕಿದ. ಮತ್ತೆ ದೀಪ, ಮತ್ತೆ ಅವನು. ಆ ದಿನ ಎಷ್ಟು ಸಲ ಸತ್ತೆನೋ ಲೆಕ್ಕವಿಲ್ಲ. ಸಂಜೆ ಬಸ್ಸಿನಲ್ಲಿ ಬರುವಾಗ ನನ್ನ ಬೆರಳುಗಳು ತಾವಾಗಿಯೇ ಬಟನ್ ಒತ್ತುತ್ತಿದ್ದವು. ಒಂದು ದಿನ ಬಿಟ್ಟು ಮತ್ತೆ ಹರಿಹರಕ್ಕೆ ಹೊರಟೆ. ಮನೆಯಲ್ಲಿ ವ್ಯಾಯಾಮಕ್ಕೆ ಹೋಗುತ್ತೇನೆ ಎಂದೆ, ಅಕ್ಕನಿಗೆ ಡಾಕ್ಟರಮ್ಮನೇ ಈ ಆಟ ಆಡಲು ಹೇಳಿದ್ದಾರೆ ಎಂದೆ. ಎರಡೂ ಸುಳ್ಳು, ಎರಡಕ್ಕೂ ನಾಲಿಗೆ ತಡವರಿಸಲಿಲ್ಲ.

ಒಂದು ವಾರದಲ್ಲಿ ನಾಲ್ವರನ್ನೂ ಹೊಡೆದುರುಳಿಸುವಷ್ಟು ಪಳಗಿದೆ. ಅವರಾಚೆ ಒಂದು ಸೇತುವೆ, ಸೇತುವೆಯ ಮೇಲೆ ಗದೆ ಹಿಡಿದ ದೈತ್ಯ. ಅವನ ಹತ್ತಿರ ಹೋಗುವ ಮೊದಲು ನಾನು ಪ್ರತಿ ಸಲವೂ ಹಿಂದಕ್ಕೆ ಬಂದು ದೀಪದ ಮುಂದೆ ಕೂರುತ್ತಿದ್ದೆ. ಅಲ್ಲೊಂದು ಚಪ್ಪಡಿಯಿತ್ತು, ಬಟನ್ ಒತ್ತಿದರೆ ನನ್ನ ಮನುಷ್ಯ ಮೊಣಕಾಲೂರಿ ತಲೆ ಬಾಗಿಸುತ್ತಿದ್ದ. ನನ್ನ ತವರು ನಂದಿಗುಡಿ ಕಡೆ. ಗುಡಿಗಾಗಲಿ ಗದ್ದಿಗೆಗಾಗಲಿ ಹೋದರೆ ಕೈಮುಗಿದು ಹಾಗೇ ಓಡಿ ಬರಬಾರದು, ಒಂದು ಗಳಿಗೆ ಕೂತು ಏಳಬೇಕು ಎಂದು ಅಪ್ಪ ಕಲಿಸಿದ್ದ. ದೀಪ ಕಂಡ ಮೇಲೆ ಕೂರದೆ ಹೋಗುವುದು ನನ್ನಿಂದಾಗದ ಮಾತು. ಅದರಲ್ಲೂ ನಾಲ್ವರನ್ನು ಕೊಂದು ಬಂದ ಕೈ.

ಕೂತು ಎದ್ದು ನೋಡಿದರೆ ಆ ನಾಲ್ವರೂ ಮತ್ತೆ ನಿಂತಿರುತ್ತಿದ್ದರು.

ಮೊದಲ ಸಲ ಕಣ್ಣು ಮೋಸ ಹೋಯಿತು ಎಂದುಕೊಂಡೆ. ಹತ್ತು ಸಲ ಆದ ಮೇಲೆ ನನಗೆ ಖಾತ್ರಿಯಾಯಿತು, ಇದು ಡಿಫೆಕ್ಟ್ ಪೀಸು. ನಾನು ಕಷ್ಟಪಟ್ಟು ಹೊಡೆದದ್ದು ಇದರೊಳಗೆ ದಾಖಲಾಗುತ್ತಿಲ್ಲ. ಅಕ್ಕನ ಮಗಳು ಎಷ್ಟು ಒಳ್ಳೆಯವಳು, ಯಾರೋ ಅವಳ ತಲೆಗೆ ಕೆಟ್ಟ ಡಿಸ್ಕು ಕಟ್ಟಿದ್ದಾನೆ. ಡಬ್ಬಿಯ ಮೇಲೆ ಅಂಗಡಿಯ ಚೀಟಿ ಅಂಟಿತ್ತು, ನಮ್ಮ ದಾವಣಗೆರೆಯದೇ. ಅವಳಿಗೂ ಹೇಳದೆ ಎತ್ತಿಕೊಂಡು ಹೋದೆ.

ಅಂಗಡಿಯವನಿಗೆ ಮೂವತ್ತೈದು ಇರಬಹುದು. ನಾನು ಹೇಳಿದ್ದನ್ನೆಲ್ಲ ಕೇಳಿದ. ನಮ್ಮ ಅಂಗಡಿಯಲ್ಲಿ ರೈತರ ದೂರನ್ನು ನಾನು ಹೇಗೆ ಕೇಳುತ್ತೇನೋ ಹಾಗೆಯೇ, ನಡುವೆ ಬಾಯಿ ಹಾಕದೆ.

"ಕೂಡ್ರಿ ಮೇಡಂ" ಎಂದು ಸ್ಟೂಲು ಕೊಟ್ಟ. "ಒಂದು ಮಾತು ಕೇಳ್ತೀನಿ. ನಾಲ್ಕೂ ಜನ ಸತ್ತ ಮ್ಯಾಲೆ ನೀವು ದೀಪದ ಹತ್ರ ಹೋಗಿ ಕೂತ್ರೇನು?"

"ಹೂಂ, ಕೂತೆ. ಕೂಡಬಾರ್ದೇನು?"

"ಪ್ರತಿ ಸಲಾನೂ ಕೂತ್ರಾ?"

"ದೀಪ ಕಂಡ್ರೆ ಕೂಡದೆ ಹೆಂಗ್ರಿ ಹೋಗೋದು?"

ಅವನು ಮುಖ ಆ ಕಡೆ ತಿರುಗಿಸಿದ. ಭುಜ ಕುಣಿಯುತ್ತಿದ್ದುದು ನನಗೆ ಕಾಣಿಸಿತು. ಮತ್ತೆ ಈ ಕಡೆ ತಿರುಗಿದಾಗ ಮರ್ಯಾದೆಯಿಂದಲೇ ಹೇಳಿದ.

"ಡಿಸ್ಕಿಗೆ ಏನೂ ಆಗಿಲ್ರಿ. ಅದರ ಕಾನೂನೇ ಹಂಗೈತೆ. ದೀಪದ ಮುಂದೆ ಕೂತ್ರೆ ನಿಮ್ಮ ಗಾಯ ವಾಸಿ ಆಗ್ತೈತೆ, ಆದ್ರೆ ನೀವು ಹೊಡೆದೋರೆಲ್ಲಾ ಎದ್ದು ಬರ್ತಾರೆ. ನೀವು ನಮಸ್ಕಾರ ಮಾಡಿ ಮಾಡಿ ಅವರನ್ನ ಎಬ್ಬಿಸ್ತಾ ಇದ್ರಿ. ಒಂದು ಸಲ ಕೂಡದೇ ಮುಂದಕ್ಕ ಹೋಗ್ರಿ ನೋಡಾಣ."

ನನಗೆ ಎಲ್ಲಾದರೂ ಅಡಗಿಕೊಳ್ಳಬೇಕು ಎನ್ನಿಸಿತು. ಹನ್ನೊಂದು ದಿನ ನಾನೇ ಕೈಯಾರೆ ಎಬ್ಬಿಸಿ, ನಾನೇ ಹೊಡೆಸಿಕೊಂಡು, ಮಾಲು ಕೆಟ್ಟದ್ದು ಎಂದಿದ್ದೆ. ಪಂಪಿನ ವಾಲ್ವು ತಿರುಗಿಸದೆ ಮೋಟಾರು ಸರಿಯಿಲ್ಲ ಎಂದು ಹೊತ್ತು ತರುವ ರೈತರನ್ನು ನಾನು ಎಷ್ಟು ಆಡಿಕೊಂಡಿದ್ದೇನೋ ಆ ದೇವರಿಗೇ ಗೊತ್ತು. ಆಮೇಲೆ ನಗು ಬಂತು. ಅವನೂ ಧೈರ್ಯವಾಗಿ ನಕ್ಕ. ಈ ಜಾತಿಯ ಆಟವನ್ನು ಹುಡುಕಿಕೊಂಡು ಬರುವವರು ಕಡಿಮೆಯಂತೆ. ಹೆಚ್ಚಿನವರು ಬೇರೆ ಏನೋ ಎಂದುಕೊಂಡು ಒಯ್ಯುತ್ತಾರೆ, ಬೈದುಕೊಂಡು ವಾಪಸ್ ತರುತ್ತಾರೆ, ವಾರ ಬಿಟ್ಟು ಬಂದು ಅದು ಇನ್ನೂ ಇದೆಯೇನ್ರಿ ಎಂದು ಕೇಳುತ್ತಾರಂತೆ. ನಾನು ವಾರ ಕಾಯಲಿಲ್ಲ. ಡಿಸ್ಕು ಎತ್ತಿಕೊಂಡು ಮರುದಿನವೇ ಹರಿಹರಕ್ಕೆ ಹೋದೆ.

ಅಂದು ಅಕ್ಕನ ಮಗಳಿಗೆ ರಜೆ. ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ನಾಲ್ವರನ್ನು ಹೊಡೆದೆ. ದೀಪದ ಕಡೆ ಬೆನ್ನು ಮಾಡುವಾಗ ಮನಸ್ಸಿಗೆ ಕಸಿವಿಸಿಯಾಯಿತು, ಆದರೂ ಕೂರದೆ ಸೇತುವೆಗೆ ನಡೆದೆ. ದೈತ್ಯ ಗದೆ ಎತ್ತಿದ. ತಪ್ಪಿಸಿಕೊಳ್ಳಲು ನನ್ನ ಮನುಷ್ಯನ ಜೊತೆ ನಾನೂ ಸೋಫಾದಲ್ಲಿ ಎಡಕ್ಕೆ ವಾಲಿದೆ. ಕಂಟ್ರೋಲರನ್ನು ಗಾಡಿಯ ಸ್ಟೇರಿಂಗಿನ ಹಾಗೆ ತಿರುಗಿಸಿದೆ. ಹಾಗೆ ತಿರುಗಿಸಿದರೆ ಆಟಕ್ಕೆ ಏನೂ ಗೊತ್ತಾಗುವುದಿಲ್ಲ, ಹೊಸಬರೆಲ್ಲ ಮಾಡುವುದೇ ಅದು ಎಂದು ಅವಳು ನಗುತ್ತಿದ್ದವಳು ಇದ್ದಕ್ಕಿದ್ದಂತೆ ನಗು ನಿಲ್ಲಿಸಿದಳು.

"ಚಿಕ್ಕಮ್ಮ, ಅಲ್ಲಾಡಬ್ಯಾಡ. ನಿನ್ನ ಎಡಗೈ ನೋಡ್ಕೋ."

ನೋಡಿದೆ. ಕಂಟ್ರೋಲರ್ ಮಗ್ಗುಲಾಗಿತ್ತು, ಅದರಡಿ ನನ್ನ ಅಂಗೈ ಹೊರಳಿತ್ತು. ಪೂರ್ತಿ ಅಲ್ಲ. ಆದರೆ ಡಾಕ್ಟರಮ್ಮ ಎರಡೂ ಕೈ ಹಾಕಿ ನೂಕಿದಾಗ ನಿಂತ ಜಾಗವನ್ನು ದಾಟಿ, ಎರಡು ಬೆರಳಷ್ಟು ಆಚೆಗೆ. ನೋಡಿದ ಕೂಡಲೇ ನೋವು ಬಂತು, ಕೈ ಹಿಂದಕ್ಕೆ ಸರಿಯಿತು. ಟಿ.ವಿ.ಯಲ್ಲಿ ದೈತ್ಯ ನನ್ನನ್ನು ಜಜ್ಜಿ ಹಾಕಿದ್ದ. ನಾನು ಅದನ್ನು ನೋಡಲೇ ಇಲ್ಲ. ಕೈಯಲ್ಲಿ ಜೀವವಿತ್ತು, ಅಷ್ಟು ದಿನ ಅದನ್ನು ಬಿಗಿ ಹಿಡಿದು ಕೂತವಳು ನಾನೇ. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅವಳ ಭುಜದ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಆ ಸಂಜೆ ಮನೆಗೆ ಬಂದರೆ ಅತ್ತೆ ಪಡಸಾಲೆಯಲ್ಲಿ ಕೂತಿದ್ದರು. ಎಂಬತ್ತು ದಾಟಿದವರು, ದನಿ ಏರಿಸಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಅಂಗಡಿಯಲ್ಲಿ ನನ್ನ ಫೋನಿಗೆ ಬಿಡುವಿರುವುದಿಲ್ಲವೆಂದು ಡಾಕ್ಟರಮ್ಮನ ಚೀಟಿಯಲ್ಲಿ ಅತ್ತೆಯ ನಂಬರನ್ನೇ ಬರೆಸಿದ್ದೆ. ನನ್ನ ಜಾಣತನವೆಲ್ಲ ಅಷ್ಟೇ.

"ನಿನ್ನ ಡಾಕ್ಟ್ರಮ್ಮ ಫೋನ್ ಮಾಡಿದ್ಲು. ಮೂರು ವಾರದಿಂದ ಆ ಕಡೆ ಹೋಗೇ ಇಲ್ಲಂತಲ್ಲ."

ಇನ್ನೊಂದು ಸುಳ್ಳಿಗೆ ನನ್ನಲ್ಲಿ ತ್ರಾಣವಿರಲಿಲ್ಲ. "ಹೋಗಿಲ್ರಿ ಅತ್ತೆ. ನೋವಿಗೆ ಹೆದ್ರಿದೆ. ಅಕ್ಕನ ಮನ್ಯಾಗ ಕೂತು ಟಿ.ವಿ. ಆಟ ಆಡ್ತಿದ್ದೆ."

ಅತ್ತೆ ನನ್ನ ಪಟ್ಟಿ ಕಟ್ಟಿದ ಕೈಯನ್ನು ನೋಡಿದರು.

"ಗೆದ್ದೇನು?"

"ಇಲ್ರಿ."

"ಮತ್ತೆ ಅದೂ ಇಲ್ಲ, ಇದೂ ಇಲ್ಲ." ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ನೀ ಲಿಂಗ ತಟ್ಟ್ಯಾಗ ಇಟ್ಟು ಪೂಜೆ ಮಾಡ್ತೀಯಂತ ನಂಗೆ ಮೊದಲ್ನೇ ದಿನಾನೇ ಗೊತ್ತು. ನಾ ಬರೋ ಹೊತ್ತಿಗೆ ತಟ್ಟೆ ಒದ್ದೆ ಇರ್ತಿತ್ತು."

"ಮತ್ತೆ ಯಾಕ ಕೇಳ್ಲಿಲ್ರಿ?"

"ನೀ ಮುಚ್ಚಿಟ್ಟಿದ್ದನ್ನ ನಾ ಯಾಕ ಬಿಚ್ಚಲಿ? ಶಿವಗೇನು, ತಟ್ಟ್ಯಾಗೂ ಇರ್ತಾನೆ. ನಿನಗೇ ಸಮಾಧಾನ ಇಲ್ಲ. ನಾಳೆಯಿಂದ ನನ್ ಜೊತೀಗೆ ಕೂಡು. ಮೊದಲು ಅಂಗೈಯಾಗ ನೀರು ನಿಲ್ಲಲಿ, ಆಮೇಲೆ ಲಿಂಗ."

ಬೈಸಿಕೊಳ್ಳಲು ಸಿದ್ಧಳಾಗಿ ಕೂತವಳಿಗೆ ಬೈಗುಳವೇ ಸಿಗದಿದ್ದರೆ ಏನು ಮಾಡಬೇಕೆಂದು ತೋಚುವುದಿಲ್ಲ. ಅಂದು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಮರುದಿನ ಡಾಕ್ಟರಮ್ಮನ ಮುಂದೆ ಹೋಗಿ ನಿಂತು, ಓಡಿಹೋಗಿದ್ದೆ ಎಂದು ಒಪ್ಪಿಕೊಂಡೆ. "ಅರ್ಧ ಮಂದಿ ಓಡ್ತಾರ್ರಿ, ಕೈ ಕೊಡ್ರಿ" ಎಂದಷ್ಟೇ ಹೇಳಿದರು. ಈ ಸಲ ಕೈ ಬಿಗಿಯಾದ ಕೂಡಲೇ ನನಗೇ ಗೊತ್ತಾಗುತ್ತಿತ್ತು. ನೋವು ಕಡಿಮೆಯಾಯಿತೆಂದು ಸುಳ್ಳು ಹೇಳಲಾರೆ. ನೋವು ಅಷ್ಟೇ ಇತ್ತು, ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ನೋಡುವಷ್ಟು ವ್ಯವಧಾನ ಬಂದಿತ್ತು. ವ್ಯಾಯಾಮ ಮುಗಿದ ಮೇಲೆ ಅಕ್ಕನ ಮನೆ, ಸೇತುವೆ, ಗದೆ. ಕೊನೆಗೊಂದು ಮಧ್ಯಾಹ್ನ ದೈತ್ಯನನ್ನು ಉರುಳಿಸಿದೆ. ಅವನ ಹಿಂದೆ ಅವನಿಗಿಂತ ದೊಡ್ಡವನೊಬ್ಬ ನಿಂತಿದ್ದ. ಅಕ್ಕನ ಮಗಳು ಇನ್ನೂ ಹನ್ನೆರಡು ಮಂದಿ ಇದ್ದಾರೆ ಎಂದಳು. ಇರಲಿ ಎಂದೆ.

ಮನೆಯಲ್ಲಿ ದಿನಾ ಬೆಳಿಗ್ಗೆ ಅತ್ತೆ ಒಂದು ಸಣ್ಣ ಚಮಚ ನೀರನ್ನು ನನ್ನ ಎಡ ಅಂಗೈಗೆ ಬಿಡುತ್ತಿದ್ದರು. ಕಿರುಬೆರಳಿನ ಕಡೆಯಿಂದ ಅದು ಜಾರಿ ಹೋಗುತ್ತಿತ್ತು. ಅವರು ಸೆರಗಿನಿಂದ ನನ್ನ ಮೊಣಕೈ ಒರೆಸಿ ತಮ್ಮ ಪೂಜೆಗೆ ಕೂರುತ್ತಿದ್ದರು. ನಾನು ಪಕ್ಕದಲ್ಲೇ ತಟ್ಟೆಯಲ್ಲಿಟ್ಟುಕೊಂಡು ಕೂರುತ್ತಿದ್ದೆ, ಈಗ ಕದಿಯದೆ. ಮೊದಮೊದಲು ಬಿಟ್ಟ ನೀರೆಲ್ಲ ಹೋಗುತ್ತಿತ್ತು. ಆಮೇಲೆ ಒಂದು ಹನಿ ಉಳಿಯತೊಡಗಿತು. ಒಂದು ವಾರ ಕೈ ಊದಿಕೊಂಡು ಅದೂ ಹೋಯಿತು. ಮತ್ತೆ ಬಂತು.

ಡಾಕ್ಟರಮ್ಮ ಹೇಳಿದ್ದ ಗಡುವು ಹತ್ತಿರವಾಗುತ್ತಿದ್ದಾಗ ಒಂದು ದಿನ ಅತ್ತೆ ನೀರು ಬಿಟ್ಟರು. ಅದು ಅಂಗೈ ನಡುವೆ ನಿಂತಿತು. ಇಬ್ಬರೂ ನೋಡುತ್ತಾ ಕೂತೆವು. ಅತ್ತೆ ಇನ್ನೊಂದು ಚಮಚ ಬಿಟ್ಟರು, ಅದೂ ನಿಂತಿತು.

"ತೆಗಿಯವ್ವ" ಎಂದರು.

ಅಂಗೈಯ ನೀರು ಚೆಲ್ಲಿ ಬಲಗೈಯಿಂದ ಕರಡಿಗೆ ಬಿಚ್ಚಿದೆ. ಲಿಂಗವನ್ನು ಎಡ ಅಂಗೈ ಮೇಲೆ ಇಳಿಸಿದೆ. ಬಿದ್ದರೆ ಹಿಡಿಯಲೆಂದು ಅತ್ತೆ ತಮ್ಮ ಕೈಯನ್ನು ನನ್ನ ಕೈಯ ಅಡಿಗೆ ತಂದರು. ಅವರ ಬೆರಳುಗಳ ಬಿಸಿ ನನಗೆ ತಾಗಿತು. ಆ ಧೈರ್ಯದಲ್ಲಿ ನೀರೆರೆದೆ, ವಿಭೂತಿ ಹಚ್ಚಿದೆ, ಪತ್ರೆ ಏರಿಸಿದೆ. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಎಷ್ಟು ಹೊತ್ತು ಹಾಗೆ ನೋಡುತ್ತಾ ಕೂತೆನೋ ತಿಳಿಯದು. ಇನ್ನು ಸಾಕು, ವಯಸ್ಸಾದವರ ಕೈ ನೋಯುತ್ತದೆ, ತೆಗೆಯಿರಿ ಎಂದು ಹೇಳಲು ಅವರ ಕಡೆ ತಿರುಗಿದೆ. ಅವರು ಯಾವಾಗಲೋ ತಮ್ಮ ಮಣೆಗೆ ಸರಿದು, ತಮ್ಮ ಲಿಂಗವನ್ನು ಹಿಡಿದು ಪೂಜೆಯಲ್ಲಿದ್ದರು. ನನ್ನ ಕೈಯ ಅಡಿಯಲ್ಲಿ ಯಾವ ಕೈಯೂ ಇರಲಿಲ್ಲ.